ಅತ್ತೆಯವರ ಹಲ್ಲಿಗೂ ಜಗ್ಗದ ಮೇಣದ ಸೀಗಡಿಗೆ

ಮಾನ್ಯ ಸೀಗಡಿಯವರೇ,

ಜಪಾನಿನ ಗುಜೋ ಪಟ್ಟಣದ ಹೊಳೆಬದಿಯ ನಮ್ಮ ಪುಟ್ಟ ಊಟದಂಗಡಿಯಿಂದ, ಎಣ್ಣೆವಾಸನೆಯ ಕೈಗಳನ್ನು ಜೋಡಿಸಿ ಸಲ್ಲಿಸುವ ವಂದನೆಗಳು. ತಾವು ಮೇಣದವರಾದ್ದರಿಂದ ಕ್ಷೇಮವಾಗಿಯೇ ಇರುತ್ತೀರಿ. ಕೆಡುವ ಭಯವೆಲ್ಲ ನಮ್ಮಂಥವರಿಗೆ.

ಮತ್ಸುಯಾಮಾದಿಂದ ಪ್ರವಾಸ ಬಂದ ನಾಗಿಸಾ ಎಂಬ ಹುಡುಗಿ, ಪಕ್ಕದ ಬೀದಿಯ ಕುಶಲಕರ್ಮಿಯ ಬಳಿ ಕುಳಿತು, ಬಿಸಿನೀರಿನ ಮೇಲೆ ಹಳದಿ ಮೇಣ ಸುರಿದು, ಅದು ಹಿಟ್ಟಿನಂತೆ ಅರಳಿದ ಕೂಡಲೇ ತಮಗೆ ಹೊದಿಸಿ, ಗಿರಾಕಿಗಳನ್ನು ಸೆಳೆಯಲು ಹೋಟೆಲಿನ ಗಾಜಿನ ಕಪಾಟಿನಲ್ಲಿಡುವಂಥ ನಕಲಿ ಟೆಂಪುರ ಮಾಡಿದಳು. ಆಮೇಲೆ ನಮ್ಮಲ್ಲಿಗೆ ಬಂದು, ಅತ್ತೆ ಉಮೆಯೊ ಸೀಗಡಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ನಿಜವಾದ ಟೆಂಪುರ ತಿಂದು, ಖುಷಿಗೆ ತಮ್ಮನ್ನು ಉಡುಗೊರೆಯಾಗಿ ತಟ್ಟೆಯಲ್ಲಿಟ್ಟು, ಯಾರಿಗೂ ಹೇಳದೆ ಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಅಂದು ಮಾವನವರ ತಿಥಿ. ಕನ್ನಡಕವನ್ನು ಅವಮಾನವೆಂದು ತಿಳಿದಿರುವ ಅತ್ತೆ, ತಮ್ಮನ್ನು ನಾನು ಕರಿದಿಟ್ಟ ನೈವೇದ್ಯವೆಂದು ಭಾವಿಸಿ, ಮಾವನವರ ಫೋಟೋ ಇರುವ ಬುದ್ಧನ ಗೂಡಿನಲ್ಲಿಟ್ಟು ಗಂಟೆ ಬಾರಿಸಿದರು. ಅತ್ತೆಯೇ ಕರಿದಿರಬೇಕೆಂದುಕೊಂಡು ನಾನೂ ಕೈಮುಗಿದೆ. ಮದುವೆಯಾಗಿ ಬಂದಾಗಿನಿಂದ ಈ ಅಂಗಡಿಗಾಗಿ ಸೀಗಡಿ ಸುಲಿದಿದ್ದೇನೆ, ಹಿಟ್ಟು ಕಲಸಿದ್ದೇನೆ. ಗಿರಾಕಿಗಳಿಗೆ ಕರಿಯುವ ಬಾಣಲೆಯನ್ನು ಮಾತ್ರ ಅತ್ತೆ ಮುಟ್ಟಗೊಟ್ಟವರಲ್ಲ. ಆ ಬಾಣಲೆಯೊಂದೇ ನನ್ನ ಆಸೆ ಎಂಬುದು ಇಡೀ ಬೀದಿಗೆ ಗೊತ್ತು.

ಸಂಜೆ ನೆಂಟರೆಲ್ಲ ಕೂಡಿದ ಮೇಲೆ, ಪದ್ಧತಿಯಂತೆ ನೈವೇದ್ಯವನ್ನು ಇಳಿಸಿ ತಿನ್ನಲು ಹೊರಟ ಅತ್ತೆ, ತಮ್ಮನ್ನು ತಟ್ಟೆಗೆ ತಟ್ಟಿ, ಮಾವನವರ ತಂಗಿ ಮಾಸುಯೊ ಕಡೆ ತಿರುಗಿ, "ನೋಡೇ, ಬೆಳಿಗ್ಗೆ ಕರಿದಿದ್ದು ಇನ್ನೂ ಟಕ್ ಟಕ್ ಅಂತಿದೆ! ಸೊಸೆಗೆ ಕೈ ಬರಲ್ಲ ಅಂತಿದ್ದೆಯಲ್ಲಾ? ನಾಳೆಯಿಂದ ಅಂಗಡಿ ಬಾಣಲೆ ಅವಳದ್ದೇ!" ಎಂದು ಸಾರಿ, ನಾನು ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಕಚ್ಚಿಯೇಬಿಟ್ಟರು. ಮೇಲಿನ ಹಲ್ಲುಸೆಟ್ಟು ತಮ್ಮಲ್ಲೇ ಉಳಿಯಿತು. ಅತ್ತೆ ಅದನ್ನು ನಿಧಾನವಾಗಿ ಬಿಡಿಸಿ, ಬಾಯಿಗಿಟ್ಟುಕೊಂಡು, ಚಹಾ ಕುಡಿದು, "ಒಂಚೂರು ಜಾಸ್ತಿ ಕರಿದಿದೀಯ" ಎಂದರು.

ಅಂದು ತಟ್ಟೆ ತೊಳೆಯುವಾಗಲೇ ತಾವು ಮೇಣದವರೆಂದು ನನಗೆ ತಿಳಿದದ್ದು; ತಮ್ಮ ಹುಟ್ಟಿನ ಕಥೆಯನ್ನು ಆ ಕುಶಲಕರ್ಮಿ ಹೇಳಿದರು. ಅಂದಿನಿಂದ ನಾನು ಏನು ಕರಿದರೂ "ಆವತ್ತಿನ ಥರ ಇಲ್ಲ ಕಣೇ" ಎಂಬ ಮಾತೇ. ಆದಕಾರಣ, ಗರಿಗರಿಯ ಚಕ್ರವರ್ತಿಗಳಾದ ತಾವು ದಯಮಾಡಿ ಒಂದೇ ಒಂದು ಸಲ ಅತ್ತೆಯವರ ಎದುರಿಗೆ ಮೆತ್ತಗಾಗಬೇಕು, ಅದು ಆಗದಿದ್ದರೆ ನಾಲ್ಕು ಹನಿ ಎಣ್ಣೆಯನ್ನಾದರೂ ಜಿನುಗಿಸಬೇಕು, ಅದೂ ಘನತೆಗೆ ಕುಂದೆನಿಸಿದರೆ ನನ್ನನ್ನು ಶಿಷ್ಯೆಯಾಗಿ ಸ್ವೀಕರಿಸಬೇಕೆಂದು ಪ್ರಾರ್ಥನೆ.

ತಾಳಲಾರದೆ ಇಂದು ಬೆಳಿಗ್ಗೆ ಅತ್ತೆಗೆ ನಿಜ ಹೇಳಿ ಬಾಣಲೆಯನ್ನು ಅವರ ಮುಂದಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. "ಹಲ್ಲು ಊರಿದಾಗಲೇ ಗೊತ್ತಾಯ್ತು ಕಣೇ. ಆ ಮಾಸುಯೊ ಮುಂದೆ ಮೇಣ ಕಚ್ಚಿದೆ ಅಂತ ಒಪ್ಕೊಳ್ಳೋದಕ್ಕಿಂತ ನಿನಗೆ ಬಾಣಲೆ ಕೊಡೋದೇ ವಾಸಿ ಅನ್ನಿಸ್ತು. ಎಣ್ಣೆ ಕಾಯ್ತಾ ಇದೆ, ಹೋಗು."

ಬೆವರೊರೆಸಲೂ ಬಿಡುವಿಲ್ಲದ
ತಮ್ಮ ವಿಶ್ವಾಸಿ,
ಹಿಸಾನೊ

ತಾ.ಕ.: ಆವತ್ತಿನ ಸೀಗಡಿಯ ರುಚಿ ನೋಡಲೇಬೇಕೆಂದು ಮಾಸುಯೊ ಅವರು ಹಟ ಹಿಡಿದಿದ್ದು, ಅತ್ತೆ ಸಂತೋಷದಿಂದ ಒಪ್ಪಿದ್ದಾರೆ. ಭಾನುವಾರ ಬಿಡುವು ಮಾಡಿಕೊಳ್ಳಿ. ಮಾಸುಯೊ ಅವರ ಹಲ್ಲುಗಳು ಸ್ವಂತದವು.