ಮುದ್ದಯ್ಯ ಕೂತ ದೋಣಿ

ಮರಿಸ್ವಾಮಿ ತನ್ನ ದೋಣಿಗೆ ಕೊನೆಯ ಲೇಪ ಬಳಿದ ದಿನವೇ ನಾಗಮಂಗಲದ ಬಸ್ಸು ತಡವಾಯಿತು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವೇನೂ ಇರಲಿಲ್ಲ. ನಡುವೆ ಮುದ್ದಯ್ಯನವರು ಬಂದು ಕೂತದ್ದರಿಂದ ಸಂಬಂಧ ಏರ್ಪಟ್ಟಿತು.

ಅದು ತೊಂಬತ್ಮೂರರ ಬೇಸಿಗೆ ರಜೆ. ಪಾಂಡವಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಮರಿಸ್ವಾಮಿ, ತೊಣ್ಣೂರು ಕೆರೆಯಲ್ಲಿ ಮೀನು ಹಿಡಿಯಲೆಂದು ಮನೆಯ ಮುಂದೆಯೇ ಒಂದು ಪುಟ್ಟ ದೋಣಿ ಕಟ್ಟಿದ್ದ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳನ್ನು ಎಪಾಕ್ಸಿ ಎಂಬ ಅಂಟಿನಿಂದ ಬೆಸೆದಿದ್ದ. ನಿಜ ಹೇಳಬೇಕೆಂದರೆ ಆ ದೋಣಿಯಲ್ಲಿ ಅಂಟಿಗಿಂತ ಊರವರ ಉಪಕಾರವೇ ಹೆಚ್ಚಿತ್ತು. ಮೈಸೂರಿನಿಂದ ಹಲಗೆಗಳನ್ನು ಟೊಮೊಟೊ ಟೆಂಪೋದಲ್ಲಿ ಹೇರಿ ತಂದವನು ಹೊನ್ನಪ್ಪ. ರಾಗಿ ಒಣಗಿಸುವ ಜಾಗವನ್ನೇ ಬಿಟ್ಟುಕೊಟ್ಟವರು ಪಕ್ಕದ ಮನೆಯ ದ್ಯಾವಮ್ಮ. ಬಾಗಲೊಲ್ಲದ ಹಲಗೆಯ ಮೇಲೆ ಕೂತು ತಮ್ಮ ತೂಕವನ್ನು ಉದಾರವಾಗಿ ನೀಡಿದವರು ಎದುರು ಮನೆಯ ಮುದ್ದಯ್ಯ. ಆಗ ಹಲಗೆಯ ತುದಿಯನ್ನು ಅಲುಗದಂತೆ ಹಿಡಿದವಳು ಮುದ್ದಯ್ಯನವರ ಮಗಳು ಸಹನ.

ಈ ಕೊನೆಯ ಉಪಕಾರವನ್ನು ಜೀವಮಾನವಿಡೀ ತೀರಿಸುವ ಆಸೆ ಮರಿಸ್ವಾಮಿಗಿತ್ತು. ಕೆರೆಯಲ್ಲಿ ಹಿಡಿದ ಮೊದಲ ಮೀನನ್ನು ಮುದ್ದಯ್ಯನವರ ಮನೆಗೆ ಒಪ್ಪಿಸಬೇಕು, ಸಾರು ಕುದಿಯುವಷ್ಟರಲ್ಲಿ ಮಗಳನ್ನು ಕೇಳಿಬಿಡಬೇಕು ಎಂದು ಅವನು ಕ್ರಮಬದ್ಧವಾಗಿ ಯೋಚಿಸಿಟ್ಟಿದ್ದ.

ಒಂದೇ ತೊಡಕು. ಮಗುಚಿ ಹಾಕಿದ ದೋಣಿ ಇದ್ದದ್ದು ಬಸ್ಸು ನಿಲ್ಲುವ ಕಡೆ. ನಮ್ಮ ಸೀಮೆಯಲ್ಲಿ ಮನೆಯ ಮುಂದೆ ಮೊಣಕಾಲೆತ್ತರಕ್ಕೆ ಚಪ್ಪಟೆಯಾಗಿ ಏನಿದ್ದರೂ ಅದು ಜಗಲಿ; ಜಗಲಿಯ ಮೇಲೆ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ. ದೋಣಿ ಕಟ್ಟಲು ನೆರವಾದವರಿಗೇ ‘ಕೂರಬೇಡಿ’ ಎನ್ನಲು ಮರಿಸ್ವಾಮಿಗೆ ಮನಸ್ಸು ಬರಲಿಲ್ಲ. ಆದ್ದರಿಂದ ಅದೇ ಅಂಟಿನ ಕೊನೆಯ ಲೇಪ ಬಳಿದು, ದೋಣಿಯ ಮುಂದೆ ಒಂದು ಜಾಲಿ ಮುಳ್ಳಿನ ಕೊಂಬೆ ಅಡ್ಡವಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದ.

ಬಂದು ನೋಡಿದರೆ ಹೊಸ ಪಂಚೆ, ಇಸ್ತ್ರಿ ಶರಟು, ಹೆಗಲ ಮೇಲೆ ಟವಲ್ಲು ಸಮೇತ ಮುದ್ದಯ್ಯನವರು ದೋಣಿಯ ನಟ್ಟನಡುವೆ ವಿರಾಜಮಾನರಾಗಿದ್ದರು.

“ಯಾವನೋ ಮುಳ್ ತಂದಾಕ್ಬುಟ್ಟಿದ್ದ ಕಣ್ಲಾ. ನಾನೇ ಎತ್ತಿ ಆಚ್ಗಾಕ್ದೆ.”

ಮರಿಸ್ವಾಮಿ ಬಾಯಿ ತೆರೆದ. “ಮಾವ, ಅಲ್ಲಿ...”

“ಇರ್ಲಿ ಬುಡ್ಲಾ, ಅಷ್ಟಕ್ಕೆಲ್ಲಾ ಉಪ್ಕಾರ ಅನ್ಬಾರ್ದು. ನಾಗಮಂಗಲಕ್ಕೆ ಒಂಟಿವ್ನಿ. ಸಹನನ್ನ ಕೇಳವ್ರೆ. ಸೋಮಯ್ಯ ಅಂತ, ಅವರ ಮಗ ಬ್ಯಾಂಕಲ್ಲವ್ನೆ. ಇವತ್ತು ಮಾತು ಮುಗಿಸ್ಕಂಡೇ ಬರೋದು.”

ಮರಿಸ್ವಾಮಿ ಬಾಯಿ ಮುಚ್ಚಿದ.

ಈ ಬಿಸಿಲಿಗೆ ಅಂಟು ಬಸ್ಸಿಗಿಂತ ಮೊದಲೇ ಗಟ್ಟಿಯಾಗುತ್ತದೆ ಎಂದಿತು ಅವನ ವಿಜ್ಞಾನ. ಈಗಲೇ ಎಬ್ಬಿಸು ಎಂದಿತು ಅಂತಃಸಾಕ್ಷಿ. ಅವನು ಎರಡರ ಮಾತನ್ನೂ ಗೌರವದಿಂದ ಆಲಿಸಿ, “ಇರಿ ಮಾವ, ಕಾಫಿ ತರ್ತೀನಿ” ಎಂದ.

“ಬಾಳ ಒಳ್ಳೇವ್ನು ಕಣ್ಲಾ ನೀನು,” ಎಂದರು ಮುದ್ದಯ್ಯ.

ಎರಡನೆಯ ಲೋಟ ಕಾಫಿಯೂ ಮುಗಿದು ಬಹಳ ಹೊತ್ತಾದ ಮೇಲೆ ಬಸ್ಸು ಬಂತು. ಮುದ್ದಯ್ಯ ಎದ್ದರು. ಅವರೊಂದಿಗೆ ದೋಣಿಯೂ ಎದ್ದಿತು. ಸ್ವಲ್ಪ ತೂಗಾಡಿ, ಇಬ್ಬರೂ ಒಟ್ಟಿಗೇ ಕೂತರು.

“ಯಾವನ್ಲಾ ಅವ್ನು, ಇಂದ್ಗಡೆಯಿಂದ ಇಡ್ಕಂಡಿರೋನು?”

“ಯಜಮಾನ್ರೇ, ಅತ್ತೀರೋ ಇಲ್ವೋ?” ಎಂದ ಕಂಡಕ್ಟರು.

“ಅತ್ತಿಸ್ಕೊಳಪ್ಪಾ, ದೋಣಿ ಟಾಪ್ ಮ್ಯಾಲಾಕು, ಯಜಮಾನ್ರು ಅದ್ರ ಜೊತ್ಗೇ ಬತ್ತಾರೆ,” ಎಂದು ಕೂಗಿದ ಹೊನ್ನಪ್ಪ. ಬಸ್ಸಿನೊಳಗಿನವರೆಲ್ಲ ಕಿಟಕಿಗೆ ಮುಖವಿಟ್ಟು ನಕ್ಕರು. ಬಸ್ಸು ಕದಲುವಾಗ ಹೊನ್ನಪ್ಪನಿಗೆ ಮತ್ತೊಂದು ಉಪಕಾರ ಹೊಳೆಯಿತು: “ನಾಗಮಂಗಲದ ಸ್ಟ್ಯಾಂಡಲ್ಲಿ ಸೋಮಯ್ಯ ಅಂತ ಕಾಯ್ತಿರ್ತಾರೆ, ಇಂಗಿಂಗಾಯ್ತು ಅಂತ ಯೋಳ್ಬುಡಪ್ಪೋ!”

ಬಸ್ಸು ಮರೆಯಾಯಿತು. ಮರಿಸ್ವಾಮಿ ಮುಖವನ್ನು ಆದಷ್ಟು ದುಃಖದಲ್ಲಿ ಇಟ್ಟುಕೊಂಡ.

ಆಮೇಲೆ ಊರು ಚಿಕಿತ್ಸೆಗಿಳಿಯಿತು. ದ್ಯಾವಮ್ಮ ಹರಳೆಣ್ಣೆ ಸುರಿದರು; ಮುದ್ದಯ್ಯ ಮಿರುಗಿದರು, ಬಿಡಲಿಲ್ಲ. ಬಿಸಿನೀರು ಸುರಿದರು, ಮುದ್ದಯ್ಯ ಕಿರುಚಿದರು, ಬಿಡಲಿಲ್ಲ. ಹೊನ್ನಪ್ಪ ಸೀಮೆಎಣ್ಣೆ ತಂದು, “ಬೀಡಿ ಸೇದೋರೆಲ್ಲಾ ದೂರ ನಿಂತ್ಕಳ್ರಪ್ಪೋ” ಎಂದಾಗ ಮುದ್ದಯ್ಯನವರೇ ಚಿಕಿತ್ಸೆಯನ್ನು ನಿರಾಕರಿಸಿದರು.

“ಪಂಚೆ ಬಿಚ್ಬುಟ್ಟು ಎದ್ಬುಡು,” ಎಂದ ಹೊನ್ನಪ್ಪ.

ಮುದ್ದಯ್ಯ ಅವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಹೊನ್ನಪ್ಪ ಅದನ್ನು ಊರಿಗೆಲ್ಲ ಹೇಳಿದ: “ಅಂಟು ಪಟಾಪಟಿ ಚಡ್ಡಿಗಂಟ ಇಳ್ದೋಗದೆ!”

“ಅಂಗಾರೆ ಕತ್ರಿ ತತ್ತೀನಿ,” ಎಂದರು ದ್ಯಾವಮ್ಮ.

“ಸುಭಕಾರ್ಯಕ್ಕೆ ಒಂಟಿರೋನ್ ಬಟ್ಟೆಗೆ ಕತ್ರಿ ಆಕ್ತೀಯಾ? ಮಾತು ಮುಗಿಯೋಗಂಟ ಒಂದು ನೂಲೂ ಕುಯ್ಯಂಗಿಲ್ಲ!”

ಬಿಸಿಲು ಏರಿತು. ಆರು ಜನ ಸೇರಿ, ಮುದ್ದಯ್ಯನವರನ್ನು ಪೀಠಸಹಿತ ಎತ್ತಿ ಹೊಂಗೆ ಮರದ ನೆರಳಿಗೆ ಹೊರಟರು. ಆ ಹೊತ್ತಿಗೆ ಸರಿಯಾಗಿ ಮೇಲುಕೋಟೆಗೆ ಹೋಗುತ್ತಿದ್ದ ಯಾತ್ರಿಕರ ಬಸ್ಸೊಂದು ಬಂತು. ಎಣ್ಣೆಯಲ್ಲಿ ಫಳಫಳ ಹೊಳೆಯುತ್ತಾ, ಆರು ಜನರ ಹೆಗಲ ಮೇಲೆ ಕೂತು ಸಾಗುತ್ತಿದ್ದ ಆ ಭಾರಿ ವ್ಯಕ್ತಿಯನ್ನು ಕಂಡು ಯಾತ್ರಿಕರು ದಡಬಡನೆ ಇಳಿದು ಕೈ ಮುಗಿದರು. ಒಬ್ಬಾಕೆ ಪಾದದ ಬಳಿ ಬಾಳೆಹಣ್ಣಿಟ್ಟು, “ಸ್ವಾಮಿಗಳು ಯಾವ ಮಠ?” ಎಂದು ಕೇಳಿದಳು.

“ಮೌನ ವ್ರತ ಕಣವ್ವಾ,” ಎಂದ ಹೊನ್ನಪ್ಪ.

“ನಿನ್ನ ಮನೆ ಕಾಯೋಗ!” ಎಂದರು ಸ್ವಾಮಿಗಳು.

ನೆರಳಿನಲ್ಲಿ ದೋಣಿಯನ್ನಿಳಿಸುವಷ್ಟರಲ್ಲಿ ನಾಗಮಂಗಲದ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಅದರಿಂದ ಕೊಡೆ ಹಿಡಿದ ಹಿರಿಯರೊಬ್ಬರು ಗಾಬರಿಯಿಂದ ಇಳಿದರು. ಕಂಡಕ್ಟರು ತನ್ನ ಉಪಕಾರವನ್ನು ಸಾಂಗವಾಗಿ ಪೂರೈಸಿದ್ದ.

“ನಾನು ಸೋಮಯ್ಯ. ಬೀಗರಿಗೆ ಏಳಾಕಾಗ್ದಂಗಾಗದೆ ಅಂದ್ರು. ಜೀವ ತಡೀಲಿಲ್ಲ, ಬಂದ್ಬುಟ್ಟೆ.”

ತಪ್ಪಿತೆಂದು ಮರಿಸ್ವಾಮಿ ಅಂದುಕೊಂಡಿದ್ದ ಮಾತುಕತೆ ಬಸ್ಸಿಳಿದು ಎದುರಿಗೇ ಬಂದು ನಿಂತಿತ್ತು. ಆದರೂ ಅವನಿಗೊಂದು ಧೈರ್ಯವಿತ್ತು. ಸಹನಳಿಗೆ ಬಂದ ಸಂಬಂಧಗಳೆಲ್ಲ ಈವರೆಗೆ ಮುರಿದದ್ದು ಒಂದೇ ಕಾರಣಕ್ಕೆ. ಮಾತು ಕೊಂಚ ವಾರೆಯಾದರೆ ಸಾಕು, ಮುದ್ದಯ್ಯ ಟವಲ್ಲು ಕೊಡವಿ ಎದ್ದು ಹೋಗಿಬಿಡುತ್ತಿದ್ದರು. ಊರಿಗೆ ಊರೇ ಬಲ್ಲ ಸಂಗತಿ.

ಸೋಮಯ್ಯ ಎದುರಿಗೆ ಮರದ ಬೇರಿನ ಮೇಲೆ ಕೂತರು. “ಮೊದ್ಲೇ ಯೋಳ್ಬುಡ್ತೀನಿ. ಮದ್ವೆ ನಮ್ಮೂರಲ್ಲೇ ಆಗ್ಬೇಕು.”

ಮುದ್ದಯ್ಯನವರ ಮೀಸೆ ಅದುರಿತು. ಟವಲ್ಲು ಕೊಡವಿದರು. ಮುದ್ದಯ್ಯ ಎದ್ದರು, ದೋಣಿ ಎದ್ದಿತು, ಇಬ್ಬರೂ ಕೂತರು.

“ಛೆ ಛೆ, ನನ್ಗೆಲ್ಲಾ ಎದ್ದು ಮರ್ವಾದೆ ಕೊಡ್ಬ್ಯಾಡಿ, ಕೂತ್ಕಳಿ,” ಎಂದರು ಸೋಮಯ್ಯ, ಕಣ್ಣು ಒದ್ದೆ ಮಾಡಿಕೊಂಡು. “ಯಾಕಂದ್ರೆ ನಿಮ್ಗಿರೋಳು ಒಬ್ಳೇ ಮಗ್ಳು, ಒಬ್ರೇ ಒದ್ದಾಡ್ಬ್ಯಾಡಿ. ಓಡಾಟ ಎಲ್ಲಾ ನಾವ್ ನೋಡ್ಕತೀವಿ.”

ಎದುರಿನವರ ಎರಡನೆಯ ವಾಕ್ಯವನ್ನು ಮುದ್ದಯ್ಯ ಜೀವನದಲ್ಲಿ ಮೊದಲ ಬಾರಿಗೆ ಕೇಳಿದರು. ಅದು ಸಾಕಷ್ಟು ಚೆನ್ನಾಗಿತ್ತು.

“ಇನ್ನೊಂದು ಮಾತು. ಉಡ್ಗಿ ಓದಿದ್ದು ಸಾಕು ಅಂತಾವ್ಳೆ ನಮ್ಮನೇವ್ಳು.”

ಮತ್ತೆ ಟವಲ್ಲು, ಮತ್ತೆ ದೋಣಿ, ಮತ್ತೆ ‘ಕೂತ್ಕಳಿ, ಕೂತ್ಕಳಿ’. “ನಾನೂ ನನ್ ಮಗ್ನೂ ಒಪ್ಪಿಲ್ಲ. ಎಷ್ಟಾದ್ರೂ ಓದ್ಲಿ.”

ಹೀಗೆ ಮುದ್ದಯ್ಯ ಏಳುತ್ತಾ ಕೂರುತ್ತಾ, ಸೋಮಯ್ಯ ಅವರ ವಿನಯಕ್ಕೆ ಕರಗುತ್ತಾ, ಮಾತುಕತೆ ಮುಗಿದೇ ಹೋಯಿತು. ದೋಣಿಯ ಮೇಲೆಯೇ ಎಲೆ ಅಡಿಕೆ ಬದಲಾಯಿತು. ದ್ಯಾವಮ್ಮ ದುಪ್ಪಟಿ ಮರೆ ಮಾಡಿ ಕತ್ತರಿ ಆಡಿಸಿದರು. ಪಂಚೆಯ ಒಂದು ದೊಡ್ಡ ತುಂಡನ್ನೂ ಚಡ್ಡಿಯ ಎರಡು ಪಟ್ಟೆಗಳನ್ನೂ ದೋಣಿಗೆ ಬಿಟ್ಟುಕೊಟ್ಟು ಮುದ್ದಯ್ಯ ಸ್ವತಂತ್ರರಾದರು.

ದುಪ್ಪಟಿ ಸುತ್ತಿಕೊಂಡವರೇ ಮರಿಸ್ವಾಮಿಯನ್ನು ತಬ್ಬಿಕೊಂಡರು. “ನನ್ ಸಿಟ್ಟು ನನ್ಗೊತ್ತಿಲ್ವೇನ್ಲಾ? ನೀನು ಅಂಟಿಸ್ದೇ ಓಗಿದ್ರೆ ಇದೂ ಮುರ್ದೋಗದು. ನಿನ್ ಋಣ ಎಂಗಪ್ಪಾ ತೀರಿಸ್ಲಿ?”

ಅವನಿಗೆ ಉತ್ತರ ಗೊತ್ತಿತ್ತು; ಆದರೆ ಆ ಉತ್ತರವನ್ನು ಈಗಷ್ಟೇ ನಾಗಮಂಗಲಕ್ಕೆ ಕೊಟ್ಟಾಗಿತ್ತು.

ಸಹನ ಬಂದು ತಟ್ಟೆಯಲ್ಲಿ ಬೆಲ್ಲ ಕೊಟ್ಟಳು. “ಅಪ್ಪನ್ನ ಇಷ್ಟೊತ್ತು ಒಂದೇ ಕಡೆ ಕೂರ್ಸೋದು ಯಾರ ಕೈಲೂ ಆಗಿರ್ಲಿಲ್ಲ ಮೇಷ್ಟ್ರೇ. ನಾನು ಬಿ.ಎಡ್. ಓದೋದೂ ಉಳೀತು. ನಿಮ್ಮನ್ನ ಮರೆಯಲ್ಲ.” ಅವಳ ಕಣ್ಣಿನಲ್ಲಿ ನಿಜವಾದ ಕೃತಜ್ಞತೆಯಿತ್ತು, ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡ ಮರಿಸ್ವಾಮಿಗೆ, ತಾನು ಬಯಸಿದ್ದೇ ಬೇರೆಯಾದರೂ, ಅವಳ ಮುಖದಲ್ಲಿನ ನಗು ತನ್ನ ದೋಣಿಯಿಂದಲೇ ಬಂದದ್ದೆಂದು ಕೊಂಚ ಸಮಾಧಾನವಾಯಿತು. ಇನ್ನು ಪಂಚೆಯ ತುಂಡನ್ನು ಉಜ್ಜಿ ತೆಗೆದು ಒಬ್ಬನೇ ಕೆರೆಗೆ ಹೋಗಿ ಕೂರುವುದೆಂದು ಉಪ್ಪುಕಾಗದ ಕೈಗೆತ್ತಿಕೊಂಡ.

ಹೊನ್ನಪ್ಪ ಅದನ್ನು ಕಸಿದುಕೊಂಡ.

“ಉಜ್ಜೀಯಾ ಜ್ವಾಕೆ! ನಮ್ ಭಾವ ತಮ್ಮಯ್ಯ ಜಮೀನ್ ಪಾಲಿನ ಮಾತಿಗೆ ಅಂತ ನಾಳಿಕ್ ಬತ್ತಾವ್ನೆ. ಅವ್ನೂ ಇಂಗೇ, ಮಾತ್ಗೆ ಮುಂಚೆ ಏಳೋ ಆಸಾಮಿ. ಬೆಳಿಗ್ಗೆ ಬ್ಯಾಗ್ನೆ ಎದ್ದು ಇನ್ನೊಂದ್ ಸುತ್ತು ಬಳ್ದ್ಬುಡ್ಲಾ. ಅವನ್ ಪಂಚೆ ಒಸಿ ಮಂದ, ಅಂಟು ಜಾಸ್ತಿ ಇರ್ಲಿ.”