ಎದುರು ಬಸ್ಸಿನಲ್ಲಿ ಹೆಂಡತಿ

ಶಾಲೆಯಲ್ಲಿ ಭೂಗೋಳ ಪಾಠ ಮಾಡುವ ಮೇಷ್ಟ್ರು ಆ ಭಾನುವಾರ ಹಲ್ಲುಜ್ಜುವ ಮೊದಲೇ ಘೋಷಣೆ ಹೊರಡಿಸಿದರು: “ಇವತ್ತು ಸಮುದ್ರದಂಚಿನ ರಸ್ತೆಯಲ್ಲಿ ಬಸ್ ಸಂಚಾರ! ಕಾರು ಬೇಡ, ಗೈಡು ಬೇಡ, ಫೋನಂತೂ ಬೇಡವೇ ಬೇಡ!”

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿಗೆ ಅಪರೂಪಕ್ಕೆ ಸಿಕ್ಕ ರಜೆ. “ಅಕಸ್ಮಾತ್ ದಾರಿ ತಪ್ಪಿದರೆ?” ಅಂದಳು.

“ಒಂದು ಕಡೆ ಗುಡ್ಡ, ಒಂದು ಕಡೆ ನೀರು, ನಡುವೆ ಒಂದೇ ರಸ್ತೆ. ತಪ್ಪೋಕಾದ್ರೂ ಇನ್ನೊಂದು ದಾರಿ ಬೇಕಲ್ಲೇ!”

ಹೀಗೆಂದವರೇ ತಮ್ಮ ಫೋನನ್ನು ಹೆಂಡತಿಯ ಕೈಚೀಲದ ತಳಕ್ಕೆ ತುರುಕಿದರು. ಇಡೀ ದಿನ ಯಾವ ಬಸ್ಸನ್ನಾದರೂ ಹತ್ತಬಹುದಾದ ಪಾಸು ಮಾತ್ರ ಜೇಬು ಸೇರಿತು.

ಬಸ್ಸು ಕಿಕ್ಕಿರಿದಿತ್ತು. ಹೆಂಡತಿ ಮುಂದೆ ಸಿಕ್ಕಿಕೊಂಡಳು, ಮೇಷ್ಟ್ರು ಹಿಂದೆ. ಅರ್ಧ ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು ಬಸ್ಸು ನಿಂತಿತು. ಕೆಳಗೆ ಬಂಡೆಗಳಿಗೆ ಅಲೆ ಬಡಿದು ನೊರೆ ಹಾರುತ್ತಿತ್ತು. ಮೇಷ್ಟ್ರು ತಡೆದುಕೊಳ್ಳಲಾರದೆ ಇಳಿದರು. ಬೀಡಿ ಸೇದಲು ಇಳಿದಿದ್ದ ಪ್ರಯಾಣಿಕನೊಬ್ಬ ಕೈಗೆ ಸಿಕ್ಕ. ಅವನಿಗೆ ಕಡಲ್ಕೊರೆತದ ಪಾಠ ಶುರುವಾಯಿತು! ಬಂಡೆ ಹುಟ್ಟಿ, ಬೆಳೆದು, ಇನ್ನೇನು ಸವೆಯಬೇಕು, ಅಷ್ಟರಲ್ಲಿ ಆತ ಓಡಿಹೋಗಿ ಬಸ್ಸು ಹತ್ತಿದ. ಪಾಠ ಕೇಳಲಾರದೆ ಓಡಿದನೆಂದೇ ಮೇಷ್ಟ್ರು ತಿಳಿದರು. ಬಸ್ಸು ತಿರುವಿನಲ್ಲಿ ಮರೆಯಾದಾಗ ನಿಜ ಹೊಳೆಯಿತು.

ಅತ್ತ ಹೆಂಡತಿ ಮುಂದಿನ ನಿಲ್ದಾಣದಲ್ಲಿ ಹಿಂದೆ ತಿರುಗಿ ನೋಡಿದಳು. ಗಂಡನಿಲ್ಲ! ಗಾಬರಿಯಲ್ಲಿ ಗಂಡನಿಗೆ ಫೋನು ಮಾಡಿದಳು. ಅವಳ ಕೈಚೀಲವೇ ಕೂಗಿಕೊಂಡಿತು. ಇಳಿದವಳೇ ವಾಪಸು ಹೋಗುವ ಬಸ್ಸು ಹತ್ತಿದಳು.

ಇತ್ತ ಮೇಷ್ಟ್ರು ಕೈ ಅಡ್ಡ ಹಿಡಿದು ಮುಂದೆ ಹೋಗುವ ಬಸ್ಸು ಹತ್ತಿದ್ದರು. ದೀಪಸ್ತಂಭದ ಬಳಿ ರಸ್ತೆ ಕಿರಿದು. ಎರಡು ಬಸ್ಸುಗಳು ಮೈಗೆ ಮೈ ತಾಗುವಂತೆ ದಾಟುವಾಗ ಮೇಷ್ಟ್ರು ಎದುರು ಬಸ್ಸಿನಲ್ಲಿ ಹೆಂಡತಿಯನ್ನು ಕಂಡರು!

“ಅಲ್ಲೇ ಇರು! ನಾನು ಬರ್ತೀನಿ!” ಎಂದು ಕಿರುಚಿ ಕೈ ಬೀಸಿದರು. ಅವಳೂ ಏನೋ ಕಿರುಚಿ ಕೈ ಬೀಸಿದಳು. ಅವಳು ಹೇಳಿದ್ದೂ “ಅಲ್ಲೇ ಇರಿ, ನಾನು ಬರ್ತೀನಿ” ಎಂದೇ. ಆದರೆ ಕೈಬೀಸು ನೋಡಿದರೆ ಇಬ್ಬರಿಗೂ “ಬಾ, ಬಾ” ಎಂದಂತೆ ಕಂಡಿತು. ಇಬ್ಬರೂ ಇಳಿದರು, ದಿಕ್ಕು ಬದಲಿಸಿ ಮತ್ತೊಂದು ಬಸ್ಸು ಹತ್ತಿದರು. ಅದೇ ದೀಪಸ್ತಂಭ, ಅದೇ ಕಿರಿದಾದ ರಸ್ತೆ, ಮತ್ತೆ ಮುಖಾಮುಖಿ! ಈ ಸಲ ಹೆಂಡತಿ ಕೈ ಬೀಸಲಿಲ್ಲ, ಹಣೆ ಚಚ್ಚಿಕೊಂಡಳು.

ಮೇಷ್ಟ್ರ ಪಕ್ಕದಲ್ಲಿದ್ದ ಅಜ್ಜಿ ಕನಿಕರದಿಂದ ಕೇಳಿದರು, “ಜಗಳ ಆಡ್ಕೊಂಡು ಹೋಗ್ತಿದ್ದಾಳೇನಪ್ಪಾ?”

“ಇಲ್ಲ ಅಜ್ಜಿ. ಇಬ್ಬರೂ ಒಟ್ಟಿಗೆ ವಿಹಾರಕ್ಕೆ ಬಂದಿದ್ದೀವಿ.”

ಅಜ್ಜಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಸ್ವಲ್ಪ ಸರಿದು ಕೂತರು.

ಮೇಷ್ಟ್ರು ಬುದ್ಧಿ ಓಡಿಸಿದರು. ಇಬ್ಬರೂ ಓಡಾಡಿದರೆ ಸಿಗುವುದಿಲ್ಲ, ಒಬ್ಬರು ನಿಲ್ಲಬೇಕು, ಆ ಒಬ್ಬರು ತಾವೇ ಆಗಬೇಕು! ಮುಂದಿನ ನಿಲ್ದಾಣದಲ್ಲಿ ಇಳಿದು ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತರು. ಎದುರಿಗೆ ಹಾಸಿಟ್ಟ ಹಾಗೆ ನೀಲಿ ಸಮುದ್ರ. ನೋಡುವ ಮನಸ್ಸೆಲ್ಲಿ? ಹೆಂಡತಿ ಎಲ್ಲಿ ಇಳಿದಳೋ, ಏನಾದರೂ ತಿಂದಳೋ ಇಲ್ಲವೋ. ತಮಗೂ ಬೆಳಗಿನಿಂದ ಹೊಟ್ಟೆಗಿಲ್ಲ. ತಣ್ಣನೆ ಗಾಳಿ ಬೀಸಿತು. ಚಿಂತೆ ಮಾಡುತ್ತ ಮಾಡುತ್ತಲೇ ಕಣ್ಣು ಮುಚ್ಚಿಕೊಂಡಿತು.

“ಮೇಷ್ಟ್ರೇ! ಏಳಿ ಮೇಷ್ಟ್ರೇ!”

ಎದುರಿಗೆ ಕಂಡಕ್ಟರ್. ಹಿಂದೆ ಬಸ್ಸಿನ ತುಂಬ ನಗುಮುಖಗಳು. ಹೊತ್ತು ಮುಳುಗುವುದರಲ್ಲಿತ್ತು.

“ನಿಮ್ಮ ಮನೆಯವರು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾರೆ. ಎದುರು ಕಡೆಯಿಂದ ಬರೋ ಬಸ್ ಹತ್ತಿ ಸೀದಾ ಬರಬೇಕಂತೆ. ನಡುವೆ ಎಲ್ಲೂ ಇಳೀಬಾರದಂತೆ. ಮುಖ್ಯವಾಗಿ, ಬುದ್ಧಿ ಓಡಿಸಬಾರದಂತೆ!”

ಮೇಷ್ಟ್ರು ಅಕ್ಷರಶಃ ಪಾಲಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಹುರಿಗಡಲೆ ತಿನ್ನುತ್ತ ಕೂತಿದ್ದಳು. ಅವಳನ್ನು ಕಂಡದ್ದೇ ಮೇಷ್ಟ್ರು ಓಡಿಹೋಗಿ ಪಕ್ಕದಲ್ಲಿ ಕೂತರು. ಬೈಯಬೇಕೋ, ಕೈ ಹಿಡಿಯಬೇಕೋ ತಿಳಿಯದೆ ಹುರಿಗಡಲೆಗೆ ಕೈ ಹಾಕಿದರು.

“ನಿನ್ನ ಚಿಂತೇಲಿ ಇಡೀ ದಿನ ಒದ್ದಾಡಿಬಿಟ್ಟೆ.”

“ನೋಡಿದೆ ಬಿಡಿ. ಬಾಯಿ ತೆರ್ಕೊಂಡು ಒದ್ದಾಡ್ತಿದ್ರಿ.”

ಮೇಷ್ಟ್ರ ಕೈ ಅರ್ಧದಲ್ಲೇ ನಿಂತಿತು. “ನೋಡಿದ್ಯಾ? ಎಲ್ಲಿಂದ?”

“ಬಸ್ಸಿಂದ. ನಿಮ್ಮನ್ನ ಹುಡುಕ್ಕೊಂಡು ವಾಪಸು ಬರ್ತಾ ಇದ್ದೆ. ಆ ತಂಗುದಾಣದ ಮುಂದೆ ಬಸ್ ನಿಲ್ತು. ಕಲ್ಲುಬೆಂಚಿನ ಮೇಲೆ ನೀವು.”

“ಮತ್ತೆ ಇಳೀಲಿಲ್ಲ ಯಾಕೆ?”

ಹೆಂಡತಿ ಉಳಿದ ಹುರಿಗಡಲೆಯನ್ನು ಅವರ ಅಂಗೈಗೆ ಸುರಿದಳು. “ಇಳಿಯೋಕೆ ಅಂತ ಎದ್ದಿದ್ದೆ ರೀ. ಅಷ್ಟರಲ್ಲಿ ಸಮುದ್ರದ ಕಡೆ ಕಿಟಕಿ ಸೀಟು ಖಾಲಿ ಆಗ್ಬಿಡ್ತು! ನೀವೇನು, ಎಲ್ಲಿಗೂ ಹೋಗೋ ಹಾಗೆ ಕಾಣಲಿಲ್ಲ.”