ಕುದುರೆ ಹೊಟ್ಟೆಯ ಮರಳು, ನನ್ನ ಎದೆಯ ಪುಕ್ಕಲು

ದನದ ಡಾಕ್ಟರಾಗಿ ನಾನು ಮುಟ್ಟಿದ ಹಸು, ಎಮ್ಮೆ, ಕುರಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೂ ನನ್ನ ಮರ್ಯಾದೆ ತೆಗೆಯಲಿಲ್ಲ. ತೆಗೆದದ್ದೆಲ್ಲ ಕುದುರೆಗಳೇ. ಅದೂ ಒಂದು ಸಲ ಎರಡು ಸಲ ಅಲ್ಲ. ಎಪ್ಪತ್ತರ ದಶಕದಲ್ಲಿ ಹಿರಿಯೂರು, ಹೊಳಲ್ಕೆರೆ ಕಡೆ ಕೆಲಸ ಮಾಡಿದಷ್ಟು ಕಾಲವೂ ಸರದಿ ಹಾಕಿಕೊಂಡು ಬಂದು ತೆಗೆದವು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕುದುರೆ ಅಂದರೆ ಭಯ. ಓದುವಾಗ ನನ್ನ ಪಕ್ಕದಲ್ಲಿ ನಿಂತಿದ್ದ ಗೆಳೆಯನಿಗೆ ಒಂದು ಕುದುರೆ ಒದ್ದಿತ್ತು. ಒದೆ ಬಿದ್ದದ್ದು ಅವನಿಗೆ, ಭಯ ಹತ್ತಿದ್ದು ನನಗೆ. ಅವನು ಆಮೇಲೆ ರೇಸ್ ಕುದುರೆಗಳ ಡಾಕ್ಟರಾದ.

ಹಿರಿಯೂರಿಗೆ ಹಾಕಿದಾಗ ಖುಷಿಪಟ್ಟಿದ್ದೆ, ಅಲ್ಲಿ ಕುರಿ ಜಾಸ್ತಿ ಅಂತ ಕೇಳಿ. ಹೋಗಿ ನೋಡಿದರೆ ಬಸ್‌ಸ್ಟ್ಯಾಂಡ್ ಮುಂದೆ ಸಾಲಾಗಿ ಜಟಕಾಗಳು. ಕುರಿ ಮಂದೆಗಳ ಹಿಂದೆಯೂ ಮನೆಸಾಮಾನು ಹೊತ್ತ ತಟ್ಟುಗಳು. ತಟ್ಟು ಅಂದರೆ ಸಣ್ಣ ಜಾತಿ ಕುದುರೆ, ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಆದರೆ ಒದೆಯುವ ವಿಚಾರದಲ್ಲಿ ದೊಡ್ಡ ಕುದುರೆಗೆ ಏನೂ ಕಡಿಮೆಯಿಲ್ಲ.

ಬೇಸಿಗೆ ಬಂತೆಂದರೆ ವೇದಾವತಿ ಬತ್ತಿ ಬರೀ ಮರಳು. ಕುದುರೆಗಳನ್ನು ಅಲ್ಲೇ ಕಟ್ಟಿ, ಹುರುಳಿ, ಹುಲ್ಲು ಎಲ್ಲವನ್ನೂ ಮರಳ ಮೇಲೇ ಸುರಿಯುತ್ತಿದ್ದರು. ಮೇವಿನ ಜೊತೆ ಮರಳೂ ಒಳಗೆ ಹೋಗುತ್ತಿತ್ತು. ಅದು ದಿನಾ ಒಂದಿಷ್ಟು ಸೇರಿ ಕರುಳಲ್ಲಿ ಕೂತರೆ ಹೊಟ್ಟೆಶೂಲೆ. ಕುದುರೆ ಬಿದ್ದು ಹೊರಳಾಡಿ, ಕರುಳು ತಿರುಚಿಕೊಂಡು ಸಾಯುತ್ತಿತ್ತು. ನಾನು ಹೋಗುವ ಮುಂಚಿನ ಬೇಸಿಗೆಯಲ್ಲಿ ಹಾಗೆ ಎರಡು ಸತ್ತಿದ್ದವು. ಒಂದರ ಹೊಟ್ಟೆಯಿಂದ ತೆಗೆದ ಮರಳನ್ನು ನಮ್ಮ ಕಾಂಪೌಂಡರು ಗಾಜಿನ ಜಾಡಿಗೆ ತುಂಬಿ ನನ್ನ ಮೇಜಿನ ಮೇಲಿಟ್ಟಿದ್ದರು.

"ಇದು ಅರ್ಧ ಸಾರ್. ಇನ್ನರ್ಧ ಜಾಡಿ ಸಾಲದೆ ಚೆಲ್ಲಿದೆ" ಅಂದರು.

ಆ ದಿನ ನನಗೆ ಊಟ ಸೇರಲಿಲ್ಲ.

೧. ಬೇವಿನ ಮರದ ಮರೆಯಲ್ಲಿ

ಸೇರಿ ಒಂದು ವಾರವೂ ಆಗಿರಲಿಲ್ಲ. ಜಟಕಾ ಹೊಡೆಯುವ ಒಬ್ಬ ಅಜ್ಜ ಏದುಸಿರು ಬಿಡುತ್ತಾ ಓಡಿಬಂದ.

"ಜಲ್ದಿ ಬರ್ರಿ ಡಾಕ್ಟ್ರೇ! ಕುದ್ರೆ ನೆಲ ಹಿಡಿದೈತೆ. ಹೊಟ್ಟೆ ಹೊಟ್ಟೆ ನೋಡ್ಕಂತೈತೆ, ಹೊರಳಾಡ್ತೈತೆ."

ಕಾಂಪೌಂಡರು ರಬ್ಬರ್ ನಳಿಗೆ, ಎಣ್ಣೆ ಡಬ್ಬ ತಗೊಂಡರು. ಹೊಳೆ ದಂಡೆಗೆ ಹೋದೆವು. ಕಂದು ಬಣ್ಣದ ತಟ್ಟು ಮೈಯೆಲ್ಲ ಬೆವೆತು, ನಾಲ್ಕೂ ಕಾಲು ಝಾಡಿಸುತ್ತಾ ಬಿದ್ದಿತ್ತು. ಆ ಕಾಲುಗಳನ್ನು ನೋಡಿದ್ದೇ ನನ್ನ ಕಾಲುಗಳು ತಾವಾಗಿಯೇ ಹಿಂದೆ ಸರಿದವು. ಹಿಂದೆ ಒಂದು ಬೇವಿನ ಮರವಿತ್ತು. ಅದರ ಮರೆಗೆ ಹೋದೆ. ಅಲ್ಲಿಂದಲೇ ಶುರು ಮಾಡಿದೆ:

"ಎಬ್ಬಿಸಿ! ಮಲಗೋಕೆ ಬಿಡಬೇಡಿ! ನಡೆಸಿ! ಮೂಗಲ್ಲಿ ನಳಿಗೆ ಇಳಿಸಿ, ನಿಧಾನ, ನಿಧಾನ! ಈಗ ಎಣ್ಣೆ ಹುಯ್ಯಿರಿ!"

ಕಾಂಪೌಂಡರು ಇಪ್ಪತ್ತು ವರ್ಷ ಸರ್ವಿಸ್ ಮಾಡಿದವರು. ನಾನು ಹೇಳುವ ಮೊದಲೇ ಎಲ್ಲ ಮಾಡುತ್ತಿದ್ದರು. ಅಜ್ಜ ಮಾತ್ರ ಒಮ್ಮೆ ಕುದುರೆ ಕಡೆ, ಒಮ್ಮೆ ಮರದ ಕಡೆ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರು. ಆ ಕುದುರೆ ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ ಅಂತ ಕಾಂಪೌಂಡರು ದಾರಿಯಲ್ಲೇ ಹೇಳಿದ್ದರು. ಅದನ್ನು ನೆನೆದು ನಾಚಿಕೆಯಾಗಿ ಎರಡು ಹೆಜ್ಜೆ ಮುಂದೆ ಬಂದೆ. ತಟ್ಟು ಸೀನಿತು. ಮೂರು ಹೆಜ್ಜೆ ಹಿಂದೆ ಹೋದೆ.

ಸಂಜೆ ಹೊತ್ತಿಗೆ ಅದು ಲದ್ದಿ ಹಾಕಿತು, ಅದರ ಜೊತೆ ಒಂದು ಬೊಗಸೆ ಮರಳು. ಎದ್ದು ನಿಂತು ಮೈ ಕೊಡವಿತು. ಅಜ್ಜ ಅದರ ಕುತ್ತಿಗೆ ತಬ್ಬಿಕೊಂಡು ಅತ್ತ. ನನ್ನ ವಿಚಾರ ಊರಿಗೆಲ್ಲ ಹೇಳಿ ಮಾನ ಹರಾಜು ಹಾಕುತ್ತಾನೆ ಅಂತ ನನಗೆ ನಡುಕ.

ಮಾರನೇ ದಿನ ಜಟಕಾ ಸ್ಟ್ಯಾಂಡಿನಲ್ಲಿ ಅಜ್ಜ ಎಲ್ಲರಿಗೂ ಹೇಳುತ್ತಿದ್ದ: "ಭಾರಿ ಡಾಕ್ಟ್ರು ಕಣ್ರಪ್ಪಾ! ಕುದ್ರೆ ಮುಟ್ಟೋದೇ ಇಲ್ಲ. ದೂರದಿಂದ್ಲೇ ವಾಸಿ ಮಾಡ್ತಾರೆ!"

೨. ಅರ್ಧ ಬಾಟ್ಲಿ

ಕಾಯಿಲೆ ಬಂದ ಮೇಲೆ ಓಡಾಡುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ವಾಸಿ ಅನ್ನಿಸಿತು. ನಿಜ ಹೇಳಬೇಕೆಂದರೆ, ಕಾಯಿಲೆ ಬರದಿದ್ದರೆ ನಾನು ಕುದುರೆ ಹತ್ತಿರ ಹೋಗುವುದೂ ತಪ್ಪುತ್ತಿತ್ತು.

ಜಟಕಾದವರನ್ನೆಲ್ಲ ಸೇರಿಸಿ, ಒಂದು ಗಾಜಿನ ಬಾಟ್ಲಿಯಲ್ಲಿ ಲದ್ದಿ ಹಾಕಿ, ನೀರು ಹುಯ್ದು ಕಲಕಿ ಇಟ್ಟೆ. ಸ್ವಲ್ಪ ಹೊತ್ತಿಗೆ ಹೊಟ್ಟು-ಹುಲ್ಲೆಲ್ಲ ಮೇಲೆ ತೇಲಿತು, ತಳದಲ್ಲಿ ಒಂದು ಬೆರಳಷ್ಟು ಮರಳು ಕೂತಿತು. ಒಬ್ಬ ತನ್ನ ಕುದುರೆ ಕಡೆ ತಿರುಗಿ ಕೈ ಮುಗಿದ.

"ನಿಮ್ಮ ನಿಮ್ಮ ಕುದುರೆ ಲದ್ದಿ ತನ್ನಿ, ನೋಡೋಣ" ಅಂದೆ.

ಮಾರನೇ ಬೆಳಗ್ಗೆ ಆಸ್ಪತ್ರೆ ಕಟ್ಟೆಯ ಮೇಲೆ ಬಾಟ್ಲಿಗಳ ಸಾಲು. ತಲೆಗೆಣ್ಣೆ ಬಾಟ್ಲಿ, ಕೆಮ್ಮಿನ ಔಷಧಿ ಬಾಟ್ಲಿ, ಒಂದು ಸೆಂಟಿನ ಸೀಸೆ ಕೂಡ. ಒಂದೊಂದನ್ನೇ ಎತ್ತಿ ನೋಡುತ್ತಾ ಬಂದೆ. ಕಡೆಯ ಬಾಟ್ಲಿ ನೋಡಿ ಅಲ್ಲೇ ನಿಂತೆ. ಅರ್ಧ ಬಾಟ್ಲಿ ಮರಳು!

"ಯಾರದ್ರೀ ಇದು? ಈ ಕುದುರೆ ಇವತ್ತು ಉಳಿಯಲ್ಲ!" ಎಂದು ಕೂಗಿದೆ.

ಅದನ್ನು ತಂದಿಟ್ಟವಳು ಬಬ್ಬೂರಿನ ಕಡೆಯ ಒಬ್ಬ ಹೆಂಗಸು, ಅವಳ ಗಂಡ ಜಟಕಾ ಹೊಡೆಯುವವನು ಅಂತ ಕಾಂಪೌಂಡರು ಹೇಳಿದರು. ನಾನು ಸೈಕಲ್ ಹತ್ತಿದೆ, ಹಿಂದೆ ಕಾಂಪೌಂಡರು, ಅವರ ತೊಡೆ ಮೇಲೆ ಎಣ್ಣೆ ಡಬ್ಬ. ಬಿಸಿಲಲ್ಲಿ ತುಳಿದೂ ತುಳಿದೂ ಬಾಯಿ ಒಣಗಿತು. ದಾರಿಯುದ್ದಕ್ಕೂ ಆ ಕುದುರೆಯ ಹೆಣವೇ ಕಣ್ಣ ಮುಂದೆ.

ಹೋಗಿ ನೋಡಿದರೆ ಕುದುರೆ ನೆರಳಲ್ಲಿ ನಿಂತು ಬಾಲ ಬೀಸುತ್ತಾ ಹುಲ್ಲು ಮೇಯುತ್ತಿದೆ. ಆ ಹೆಂಗಸು ಹೊರಗೆ ಬಂದಳು.

"ಏನಮ್ಮಾ, ಇದಕ್ಕೆ ಹೊಟ್ಟೆನೋವು ಇಲ್ವಾ?"

"ಇಲ್ಲಲ್ಲ ಡಾಕ್ಟ್ರೇ. ಚೆನ್ನಾಗೈತೆ."

"ಮತ್ತೆ ಅರ್ಧ ಬಾಟ್ಲಿ ಮರಳು?"

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. "ಲದ್ದಿ ಒಂಚೂರೇ ಸಿಕ್ತು ಡಾಕ್ಟ್ರೇ. ದೊಡ್ಡ ಬಾಟ್ಲಿ, ಬರಿದು ಬರಿದು ಕಾಣ್ತಿತ್ತು. ಡಾಕ್ಟ್ರು ಕೇಳಿದ್ದನ್ನ ಅರೆಬರೆ ಕೊಡಬಾರದು ಅಂತ ಮಿಕ್ಕಿದ್ದಕ್ಕೆ ಮರಳು ತುಂಬಿದೆ."

೩. ಹಿತ್ತಾಳೆ ಗಂಗಾಳ

ಐಮಂಗಲದ ಹತ್ತಿರ ಕುರಿಯವರ ಒಂದು ಗುಂಪು ಹಳ್ಳದ ಮರಳಲ್ಲಿ ಬಿಡಾರ ಹೂಡಿತ್ತು. ಅವರ ತಟ್ಟಿಗೂ ಒಂದು ಸಲ ಶೂಲೆ ಬಂದು, ಹೇಗೋ ಉಳಿದುಕೊಂಡಿತು. ಆ ಮನೆಯ ಯಜಮಾನಿಯನ್ನು ಕೂರಿಸಿಕೊಂಡು ಹೇಳಿದೆ:

"ನೋಡಮ್ಮಾ, ಇನ್ನು ಮೇಲೆ ಮೇವು ನೆಲಕ್ಕೆ ಹಾಕಕೂಡದು. ಬುಟ್ಟಿಯೋ ತಟ್ಟೆಯೋ ಏನಾದರೂ ಇಟ್ಟು ಹಾಕು. ಹಸಿದ ಹೊಟ್ಟೇಲಿ ಮರಳಿಗೆ ಬಿಡಬೇಡ, ಮೊದಲು ಒಣಹುಲ್ಲು ತಿನ್ನಿಸು. ವಾರಕ್ಕೊಂದು ಸಲ ಈ ಇಸಬ್‌ಗೋಲ್ ಕಲಸಿ ಕೊಡು, ಅಂಟಂಟಾಗಿ ಮರಳನ್ನ ಎಳಕೊಂಡು ಹೋಗುತ್ತೆ. ತಪ್ಪಿದರೆ ಕುದುರೆ ಕೈಬಿಟ್ಟು ಹೋಗುತ್ತೆ."

ಅವಳು ಕಣ್ಣು ಪಿಳುಕಿಸದೆ ಕೇಳಿದಳು.

ಹದಿನೈದು ದಿನ ಕಳೆದಿರಬೇಕು. ಅವಳ ಗಂಡ, ಆರಡಿ ಆಳು, ಹುರಿ ಮೀಸೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೊಡಲಿ, ಆಸ್ಪತ್ರೆ ಬಾಗಿಲಲ್ಲಿ ನಿಂತು ಗುಡುಗಿದ: "ಎಲ್ಲವ್ನೆ ಆ ಡಾಕ್ಟ್ರು?"

ತಟ್ಟು ಸತ್ತಿದೆ, ನನ್ನದೂ ಮುಗಿಯಿತು ಅಂದುಕೊಂಡೆ. ಔಷಧಿ ಕೋಣೆಗೆ ನುಗ್ಗಿ ಬೀರುವಿನ ಹಿಂದೆ ನಿಂತೆ. ಕಾಂಪೌಂಡರು ಸತ್ಯವಂತರು. "ಬೀರು ಹಿಂದೆ ಇದ್ದಾರೆ" ಅಂದರು.

ಹೊರಗೆ ಬರದೆ ವಿಧಿಯಿರಲಿಲ್ಲ. "ತಟ್ಟು... ತಟ್ಟು ಹೇಗಿದೆ?" ಅಂದೆ, ಕಣ್ಣು ಕೊಡಲಿ ಮೇಲೆ.

"ಅದಕ್ಕೇನಾಗೈತೆ? ಗುಂಡುಕಲ್ಲಿನಂಗೈತೆ. ಸಾಯೋನು ನಾನು!" ಕೊಡಲಿ ಕೆಳಗಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ದನಿ ಇಳಿಯಿತು. "ನಾನು ಉಣ್ಣೋ ಹಿತ್ತಾಳೆ ಗಂಗಾಳ ತಟ್ಟಿಗೆ ಇಟ್ಟವ್ಳೆ ಡಾಕ್ಟ್ರೇ. ನನಗೆ ಮುತ್ತುಗದೆಲೆ."

"ಎಲೇಲಿ ಉಂಡರೆ ತಪ್ಪೇನಪ್ಪಾ?"

"ಎಲೆ ಎಲ್ಲಿ ಹಾಕ್ತಾಳೆ? ಮರಳ ಮೇಲೆ! ಗಾಳಿಗೆ ಮುದ್ದೆ ತುಂಬಾ ಮರಳು, ಹಲ್ಲಲ್ಲಿ ಕರಕರ ಅಂತೈತೆ. ಕೇಳಿದ್ರೆ, ನಿನ್ ವಿಚಾರ ಡಾಕ್ಟ್ರು ಏನೂ ಹೇಳಿಲ್ಲ ಅಂತಾಳೆ. ಒಂದು ಚೀಟಿ ಬರೆದುಕೊಡ್ರಿ. ನಿಮ್ಮ ಮಾತು ಅಂದ್ರೆ ಅವಳಿಗೆ ಹೆದರಿಕೆ ಐತೆ."

ಆಸ್ಪತ್ರೆಯ ಚೀಟಿಯಲ್ಲಿ ಬರೆದು, ಸೀಲು ಒತ್ತಿ ಕೊಟ್ಟೆ: "ಇವರಿಗೂ ನೆಲದ ಮೇಲೆ ಮೇವು ಹಾಕತಕ್ಕದ್ದಲ್ಲ."

೪. ಸರ್ಕಸ್ಸಿನ ಗಿಡ್ಡ ಕುದುರೆ

ಆಮೇಲೆ ನನ್ನನ್ನು ಹೊಳಲ್ಕೆರೆಗೆ ವರ್ಗ ಮಾಡಿದರು. ಕುದುರೆ ಕಾಟ ತಪ್ಪಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಒಂದು ಸಣ್ಣ ಸರ್ಕಸ್ ಕಂಪನಿ ಚಿಕ್ಕಜಾಜೂರಿನಲ್ಲಿ ರೈಲಿಳಿದು, ಲಾರಿಯಲ್ಲಿ ನಮ್ಮೂರಿಗೆ ಬಂದು ಡೇರೆ ಹಾಕಿತು. ಅದರ ಮ್ಯಾನೇಜರ್ ಆಂಧ್ರದ ಕಡೆಯವರು. ಒಂದು ಸಂಜೆ ಓಡಿಬಂದು ನನ್ನ ಕೈ ಹಿಡಿದರು.

"ಡಾಕ್ಟರ್ ಗಾರೂ, ನಮ್ಮ ಚಿನ್ನಿ ಎರಡು ದಿನದಿಂದ ಏನೂ ತಿಂದಿಲ್ಲ. ಲದ್ದಿ ಇಲ್ಲ. ಅದು ಹೋದರೆ ನಮ್ಮ ಕಂಪನಿ ಹೋದ ಹಾಗೆ. ಮಕ್ಕಳು ಬರೋದೇ ಅದನ್ನ ನೋಡೋಕೆ."

ಹೋಗಿ ನೋಡಿದೆ. ಆಹಾ! ನನ್ನ ಸೊಂಟಕ್ಕೂ ಬರದ ಗಿಡ್ಡ ಕುದುರೆ. ಹಣೆ ಮೇಲೆ ಕೂದಲು, ಗೊಂಬೆಯ ಹಾಗೆ. ಜನ್ಮದಲ್ಲಿ ಮೊದಲ ಸಲ ಒಂದು ಕುದುರೆ ನೋಡಿ ನನಗೆ ಭಯವಾಗಲಿಲ್ಲ. ಅದು ನಿಂತ ಜಾಗ ನೋಡಿದ್ದೇ ಕಾಯಿಲೆ ಗೊತ್ತಾಯಿತು: ಲಾರಿಗಟ್ಟಲೆ ಮರಳು ಹರಡಿ, ಅದರ ಮೇಲೇ ಹುರುಳಿ ಚೆಲ್ಲಿದ್ದರು. ಬೈದು, ಮೇವಿಗೆ ಒಂದು ತೊಟ್ಟಿ ಇಡಿಸಿದೆ. ಎಣ್ಣೆ ಕುಡಿಸಿ, ಇಸಬ್‌ಗೋಲ್ ಕೊಟ್ಟು ಬಂದೆ.

ಬೆಳಗ್ಗೆ ಹೋದಾಗಲೂ ಲದ್ದಿ ಇಲ್ಲ. ಚಿನ್ನಿಯ ಕಣ್ಣು ಗುಳಿ ಬಿದ್ದಿತ್ತು. ಮ್ಯಾನೇಜರ್ ಪಕ್ಕದಲ್ಲೇ ಕೂತು ಅದರ ಬೆನ್ನು ಸವರುತ್ತಿದ್ದರು. ಮರಳು ಜರುಗಿದೆಯೋ ಇಲ್ಲವೋ ಕೇಳಬೇಕಿತ್ತು; ಒಳಗೆ ಮರಳಿದ್ದರೆ ಕುದುರೆಯ ಕೆಳಹೊಟ್ಟೆಯಲ್ಲಿ ಸಮುದ್ರದ ಅಲೆಯಂಥ ಸದ್ದು ಕೇಳುತ್ತದೆ. ಆದರೆ ಅಷ್ಟು ಗಿಡ್ಡ ಕುದುರೆಯ ಕೆಳಹೊಟ್ಟೆಗೆ ಸ್ಟೆತಸ್ಕೋಪ್ ಇಡಬೇಕೆಂದರೆ ಬಗ್ಗಿದರೆ ಸಾಲದು. ಅಂಗಾತ ಮಲಗಿ ಅದರ ಹೊಟ್ಟೆಯ ಕೆಳಗೆ ತೆವಳಿದೆ.

ಸೊಯ್ಯ್... ಸೊಯ್ಯ್... ಕೇಳಿತು. ಮರಳೇ! ಇನ್ನೂ ಸರಿಯಾಗಿ ಕೇಳೋಣ ಅಂತ ಕಣ್ಣು ಮುಚ್ಚಿದೆ.

ಗುರ್ರ್‌ರ್...

"ಮ್ಯಾನೇಜರೇ, ಮರಳು ವಿಪರೀತ ಇದೆ. ಗುಡುಗಿದ ಹಾಗೆ ಕೇಳ್ತಿದೆ" ಅಂದೆ.

ಆಮೇಲೆ ಎಲ್ಲೋ ಮೇಲಿನಿಂದ ಅವರ ದನಿ ಬಂತು. ಲಾರಿ ಮೇಲೆ ಹತ್ತಿದ್ದರು.

"ಡಾಕ್ಟರ್ ಗಾರೂ... ಅಲ್ಲಾಡಬೇಡಿ."

"ಯಾಕ್ರೀ, ಇದು ಒದೆಯುತ್ತಾ?"

"ಅದು ಒದೆಯಲ್ಲ. ಆ ಕಡೆಯದು..."

ಕಣ್ಣು ಬಿಟ್ಟೆ. ಚಿನ್ನಿಯ ನಾಲ್ಕು ಕಾಲುಗಳ ಸಂದಿಯಿಂದ ಬೇರೆ ನಾಲ್ಕು ಕಾಲು ಕಂಡವು. ದಪ್ಪ, ಹಳದಿ. ಅವುಗಳ ಹಿಂದೆ ತುಂಡಾದ ಸರಪಳಿಯೊಂದು ಮರಳಲ್ಲಿ ಎಳೆದುಕೊಂಡು ಬರುತ್ತಿತ್ತು. ಸಿಂಹ! ಅದಕ್ಕೆ ವಯಸ್ಸಾಗಿ ಹಲ್ಲೆಲ್ಲ ಉದುರಿವೆ ಅಂತ ನನಗೆ ಗೊತ್ತಾದದ್ದು ಮಧ್ಯಾಹ್ನ. ಆ ಹೊತ್ತಿಗೆ ಕೂಗೋಣವೆಂದರೆ ಎದುರಿಗೆ ಸಿಂಹ, ಏಳೋಣವೆಂದರೆ ಮೇಲೆ ಕುದುರೆ. ಹೆಂಡತಿಯ ಮುಖ ನೆನಪಾಯಿತು. ಸಿಂಹ ನನ್ನ ಬೂಟು ಮೂಸಿತು. ಆಮೇಲೆ ತಲೆಯೆತ್ತಿ, ಚಿನ್ನಿಯ ಮುಖಕ್ಕೆ ಮುಖವಿಟ್ಟು ಡೇರೆ ನಡುಗುವ ಹಾಗೆ ಘರ್ಜಿಸಿತು.

ಚಿನ್ನಿ ನಾಲ್ಕೂ ಕಾಲಲ್ಲಿ ಎಗರಿತು. ಎಣ್ಣೆಗೂ ಜಗ್ಗದೆ, ಇಸಬ್‌ಗೋಲಿಗೂ ಜಗ್ಗದೆ ಕೂತಿದ್ದ ಮರಳು, ಲದ್ದಿ, ಎಣ್ಣೆ ಎಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಬಹುಪಾಲು ನನ್ನ ಮೇಲೆ. ಸಿಂಹ ಒಮ್ಮೆ ನನ್ನನ್ನು ಮೂಸಿ, ಮುಖ ಸಿಂಡರಿಸಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ನಾನು ಮೈ ಕೊಡವಿಕೊಂಡು ಎದ್ದು ಕೂರುವಷ್ಟರಲ್ಲಿ ಚಿನ್ನಿ ತೊಟ್ಟಿಗೆ ಬಾಯಿ ಹಾಕಿತ್ತು. ಮ್ಯಾನೇಜರ್ ಲಾರಿಯಿಂದ ಇಳಿದು ಬಂದು, ಲದ್ದಿ ಕೆದಕಿ ನೋಡಿ, ಕಣ್ಣೊರೆಸಿಕೊಂಡರು. ಜೇಬಿನಿಂದ ಕಾಗದ, ಪೆನ್ನು ತೆಗೆದರು.

"ಡಾಕ್ಟರ್ ಗಾರೂ, ಮತ್ತೆ ಹೀಗಾಗಬಾರದು. ವಾರಕ್ಕೆ ಒಂದು ಸಲ ಕೊಟ್ಟರೆ ಸಾಕಾ, ಎರಡು ಸಲ ಕೊಡಬೇಕಾ?"

"ಇಸಬ್‌ಗೋಲಾ? ಒಂದು ಸಲ ಸಾಕು" ಅಂದೆ.

"ಅಲ್ಲ ಡಾಕ್ಟರ್ ಗಾರೂ," ಅಂದರು ಅವರು, "ಸಿಂಹ."